ಗೌಡತಿಯ ಕುಂಬಳಕಾಯಿ

ತಾನು ಏನನ್ನು ಕತ್ತರಿಸುತ್ತಿದ್ದೇನೆ ಎಂಬುದು ಒಂದು ಬ್ಲೇಡಿಗೆ ತಿಳಿಯುವಂತಾದರೆ?

ಈ ಪ್ರಶ್ನೆ ನನಗೆ ಹೊಳೆದದ್ದಲ್ಲ. ನನಗೆ ಹೊಳೆಯುವ ಪ್ರಶ್ನೆಗಳೇ ಬೇರೆ: ನಮ್ಮ ಆಪರೇಟರ್ ರುದ್ರೇಶ ಚಹಾದ ಕಪ್ಪನ್ನು ಮತ್ತೆ ಕಂಟ್ರೋಲ್ ಪ್ಯಾನೆಲ್ಲಿನ ಮೇಲೆ ಯಾಕೆ ಇಟ್ಟ, ಅಂಥವು. ಪ್ರಶ್ನೆ ಎತ್ತಿದವಳು ದಿಲ್‌ಶಾದ್ ನದಾಫ್, ನಮ್ಮ ಮಷೀನುಗಳ ಎಂಜಿನಿಯರ್. ಅವಳ ಅಜ್ಜ ಪಿಂಜಾರರು. ಹೆಗಲ ಮೇಲೆ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದವರು. ಬಿಲ್ಲಿನ ನರದ ಸದ್ದು ಕೇಳಿಯೇ ಹತ್ತಿಯೊಳಗೆ ಕಾಳಿದೆಯೋ, ಕಲ್ಲಿದೆಯೋ, ಯಾವುದೋ ಹೆಣ್ಣುಮಗಳು ಕಳೆದುಕೊಂಡ ಬೆಂಡೋಲೆ ಇದೆಯೋ ಹೇಳಿಬಿಡುತ್ತಿದ್ದರಂತೆ.

"ಅಜ್ಜನ ಬಿಲ್ಲಿಗೆ ತಿಳೀತಿತ್ತು ಅಂದ್ರ, ಹನ್ನೆರಡು ಟನ್ನಿನ ಈ ಕಬ್ಬಿಣಕ್ಕ ಯಾಕ ತಿಳಿಬಾರದು, ಅನಸೂಯಕ್ಕಾ?" ಎಂದು ಅವಳು ಮೊದಲ ದಿನ ಕೇಳಿದಾಗ, "ತಿಳಕೊಂಡು ಅದೇನು ಮಾಡಬೇಕವಾ? ಪಿಎಚ್‌ಡಿ ಮಾಡ್ತೈತೇನು?" ಎಂದು ನಾನು ನಕ್ಕಿದ್ದೆ. ನಗಬಾರದಿತ್ತು.

ನಾನು ಅನಸೂಯಾ ಬಳಿಗಾರ. ಹುಬ್ಬಳ್ಳಿಯ ಹೊರಗಿನ ಚೂರು ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಹಳೆಯ ಸಾಮಾನನ್ನು ಇಡಿಯಾಗಿ ಎಸೆಯುವಂತಿಲ್ಲ, ಚೂರು ಮಾಡಿಸಿ ಕಬ್ಬಿಣ ಬೇರೆ, ತಾಮ್ರ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿಯೇ ಕೊಡಬೇಕು ಎಂಬ ಕಾಯಿದೆ ಬಂತಲ್ಲ, ಆಮೇಲೆ ಹಿಟ್ಟಿನ ಗಿರಣಿ ಇದ್ದಂತೆ ಊರಿಗೊಂದು ಚೂರು ಕಾರ್ಖಾನೆ ಆಯಿತು. ಜನ ಮೊದಮೊದಲು ಬೈದರು, ಆಮೇಲೆ ರೂಢಿ ಮಾಡಿಕೊಂಡರು. ಈಗಂತೂ ತಮ್ಮ ಫ್ರಿಜ್ಜು ಚೂರಾಗುವುದನ್ನು ನೋಡಲು ಮನೆಮಂದಿಯೆಲ್ಲ ಬಂದು ಗಾಜಿನ ಆಚೆ ನಿಲ್ಲುತ್ತಾರೆ. ಒಬ್ಬಾಕೆ ತೀರಿಹೋದ ಗಂಡನ ಸ್ಕೂಟರಿಗೆ ಹೂವಿನ ಹಾರ ಹಾಕಿ ತಂದಿದ್ದಳು. ಅದು ಒಳಗೆ ಹೋಗುವಾಗ ನಾನೂ ಅತ್ತೆ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮಷೀನುಗಳನ್ನು ಅಡುಗೆಮನೆಯ ಭಾಷೆಯಲ್ಲೇ ಕಲಿಸುತ್ತೇನೆ. ಹ್ಯಾಮರ್ ಮಿಲ್ಲು ಅಂದರೆ ಖಾರ ಕುಟ್ಟುವ ಮಷೀನು. ಸುತ್ತಿಗೆಗಳು ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತ ಕಾರಿನ ಬಾಗಿಲನ್ನು ಮುಷ್ಟಿಯಷ್ಟು ಉಂಡೆ ಮಾಡುವವರೆಗೆ ಬಡಿಯುತ್ತವೆ. ಗದ್ದಲ, ಧೂಳು, ಕಿಡಿ. ಒಂದೇ ಶಾಫ್ಟಿನದು ತುರಿಮಣೆ. ಹಿಂದಿನಿಂದ ಒಂದು ಪೆಟ್ಟಿಗೆ ಸಾಮಾನನ್ನು ಒತ್ತುತ್ತದೆ, ತಿರುಗುವ ಹಲ್ಲು ತುರಿಯುತ್ತದೆ, ಕೆಳಗಿನ ಜರಡಿಯಲ್ಲಿ ಇಳಿಯುವಷ್ಟು ಸಣ್ಣಗಾಗದೆ ಬಿಡುಗಡೆ ಇಲ್ಲ. ಕಟ್ಟಿಗೆ, ಪ್ಲಾಸ್ಟಿಕ್ಕಿಗೆ ಅದು. ನಾಲ್ಕು ಶಾಫ್ಟಿನದು ಬಲು ಚೊಕ್ಕ ಕೆಲಸದ್ದು. ಮೇಲಿನ ಜೋಡಿ ಹರಿದದ್ದನ್ನು ಕೆಳಗಿನ ಜೋಡಿ ಮತ್ತೆ ಹರಿಯುತ್ತದೆ. ಬ್ಯಾಂಕಿನವರ ಹಳೆಯ ಕಂಪ್ಯೂಟರುಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಇನ್ನುಳಿದದ್ದು ಎರಡು ಶಾಫ್ಟಿನದು. ಕಬ್ಬಿನ ಹಾಲಿನ ಗಾಣ ನೋಡಿದ್ದೀರಲ್ಲ, ಹಾಗೆ ಎರಡೂ ಶಾಫ್ಟುಗಳು ಒಳಮುಖವಾಗಿ ತಿರುಗುತ್ತವೆ. ಮೈತುಂಬ ಕೊಕ್ಕೆ ಇರುವ ದಪ್ಪ ತಟ್ಟೆಗಳು, ಇದರ ತಟ್ಟೆ ಅದರ ಸಂದಿಯಲ್ಲಿ ಹಾಯುತ್ತದೆ. ಕೊಕ್ಕೆ ಎಳೆದುಕೊಳ್ಳುತ್ತದೆ, ಅಂಚು ಕತ್ತರಿಸುತ್ತದೆ. ನಿಮಿಷಕ್ಕೆ ಇಪ್ಪತ್ತೇ ಸುತ್ತು. ಅವಸರವಿಲ್ಲ, ಕೂಗಾಟವಿಲ್ಲ. ತೀರ ಗಟ್ಟಿ ಮಾಲು ಸಿಕ್ಕರೆ ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ. ಈ ಗತ್ತಿಗಾಗಿಯೇ ಹುಡುಗರು ಅದಕ್ಕೆ ಗೌಡತಿ ಎಂದು ಹೆಸರಿಟ್ಟಿದ್ದರು. ಗೌಡತಿಯ ಫಿಟ್ಟರು ನಮ್ಮ ಮನೆಯವರು, ಫಕೀರಪ್ಪ. ಇಪ್ಪತ್ತೆರಡು ವರ್ಷದಿಂದ ಅವರ ಕೈ ಗೌಡತಿಯ ಎಣ್ಣೆಯಲ್ಲೇ ಇದೆ. "ಓಡಿ ಬರೋ ನಾಯಿಗಿಂತ ನಡಕೋತ ಬರೋ ನಾಯಿಗೆ ಭಾಳ ಅಂಜಬೇಕು" ಎಂದು ಅವರು ಹುಡುಗರಿಗೆ ಹೇಳುತ್ತಿದ್ದರು. ಹೇಳಿದವರೇ ಅಂಜುವುದನ್ನು ಬಿಟ್ಟರಲ್ಲ, ಅದೇ ಈ ಕಥೆ.

ದಿಲ್‌ಶಾದ್ ಮಾಡಿದ್ದಿಷ್ಟು. ಗೌಡತಿಯ ಒಂದೊಂದು ತಟ್ಟೆಯೊಳಗೂ ಕೂದಲೆಳೆಯಂಥ ತಂತಿ ಹಾಯಿಸಿದಳು. ಅಜ್ಜನ ನೆನಪಿಗೆ ಅದಕ್ಕೂ ನರ ಎಂದೇ ಹೆಸರಿಟ್ಟಳು. ಬ್ಲೇಡು ತಾಗಿದ ಮಾಲು ಎಷ್ಟು ಬಾಗಿತು, ಎಷ್ಟು ಎಳೆಯಿತು, ಹಸಿಯೋ ಒಣಗಿದ್ದೋ, ಎಂಥ ಸದ್ದು ಮಾಡಿತು ಎಂಬುದೆಲ್ಲ ಆ ನರಗಳಿಗೆ ತಿಳಿಯುತ್ತದೆ. ಬಿಸಿ ತಂಪು ಮಾತ್ರ ತಿಳಿಯದು, ಬ್ಲೇಡು ತಾನೇ ಸದಾ ಕಾದಿರುತ್ತದಲ್ಲ. ಉಗುರಿನ ದಪ್ಪದಷ್ಟು ಕತ್ತರಿಸುವುದರೊಳಗೆ ಇದು ಟಯರು, ಇದು ತಾಮ್ರ ಎಂದು ಗುರುತು ಹಿಡಿಯುತ್ತದೆ. ಹಿಡಿಯಲಾಗದಿದ್ದರೆ ನಿಂತು, ಕಂಟ್ರೋಲ್ ರೂಮಿನ ಪರದೆಯ ಮೇಲೆ ನನ್ನನ್ನು ಕೇಳುತ್ತದೆ: "ಇದು ಗೊತ್ತಿಲ್ಲ. ಕತ್ತರಿಸಲೇ?" ನಾನು ಹೌದು ಅಥವಾ ಬೇಡ ಎಂದು ಒತ್ತಬೇಕು. ಒತ್ತಿದ್ದನ್ನು ಅದು ಮರೆಯುವುದಿಲ್ಲ.

ಎಲ್ಲಕ್ಕಿಂತ ಮೊದಲು ದಿಲ್‌ಶಾದ್ ಕಲಿಸಿದ್ದು ಮಾಂಸ. ಪೇಟೆಯಿಂದ ಕುರಿಯ ಕಾಲು ತರಿಸಿ ತರಿಸಿ, ನೂರು ಸಲ ಕೊಟ್ಟು ನೂರು ಸಲವೂ ಬೇಡ ಎಂದು ಒತ್ತಿದಳು. ಆಮೇಲೆ ಗೌಡತಿ ಮಾಂಸ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ನಿಂತು ಹಿಂದೆ ಸರಿಯುತ್ತಿತ್ತು. ಕಾಲಿನ ಚರ್ಮದ ಮೇಲೆ ಒಂದು ಗೀರು ಬಿಟ್ಟರೆ ಬೇರೇನೂ ಇಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಗೌಡತಿಗೆ ಒಂದು ಕೆಟ್ಟ ಚಾಳಿ ಇತ್ತು. ಸೀರೆ, ಹಗ್ಗ, ಗಾದಿಯ ಬಟ್ಟೆ ಏನೇ ಬಂದರೂ ಶಾಫ್ಟಿಗೆ ಸುತ್ತಿಕೊಂಡುಬಿಡುತ್ತಿತ್ತು. ಮೊದಲಾದರೆ ಮೇನ್ ಸ್ವಿಚ್ ತೆಗೆದು, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಒಳಗೆ ಇಳಿಯಬೇಕಿತ್ತು. ಚಾಕುವಿನಿಂದ ಎಳೆಎಳೆಯಾಗಿ ಕೊಯ್ದು ತೆಗೆಯಲು ಒಂದೂವರೆ ತಾಸು. ನರ ಬಂದ ಮೇಲೆ ಮ್ಯಾನೇಜರ್ ಸಾಹೇಬರು ಹೊಸ ಪದ್ಧತಿ ಮಾಡಿದರು. ಮಷೀನನ್ನು ತೆವಳುವ ವೇಗಕ್ಕೆ ಇಳಿಸಿ, ಹಿಂದೆ ಮುಂದೆ ತಿರುಗಿಸುತ್ತ, ಕೈಯಿಂದಲೇ ಎಳೆ ಬಿಡಿಸುವುದು. ಹತ್ತು ನಿಮಿಷದ ಕೆಲಸ. ಕೈ ತಾಗಿದರೆ ಹೇಗೂ ಗೌಡತಿ ನಿಲ್ಲುತ್ತಾಳಲ್ಲ! ಆ ಪದ್ಧತಿಯ ಕಾಗದಕ್ಕೆ ಶಿಫ್ಟ್ ಇನ್‌ಚಾರ್ಜ್ ಎಂದು ಸಹಿ ಹಾಕಿದವಳು ನಾನೇ. ಆರು ತಿಂಗಳಲ್ಲಿ ಎಲ್ಲರೂ ಹಿಟ್ಟು ನಾದುವವರ ಹಾಗೆ ಒಳಗೆ ಕೈ ಹಾಕುತ್ತಿದ್ದರು.

ಇನ್ನು ಕುಂಬಳಕಾಯಿಯ ವಿಷಯ.

ಆಯುಧ ಪೂಜೆಗೆ ನಮ್ಮ ಕಡೆ ಖಂಡೇ ಪೂಜೆ ಅನ್ನುತ್ತಾರೆ. ಅವತ್ತು ಗೌಡತಿಯ ಮೈ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಅದರ ಬಾಯಿಗೇ ಹಾಕುತ್ತೇವೆ. ಉಳಿದ ಕಾರ್ಖಾನೆಗಳಲ್ಲಿ ಬಾಗಿಲ ಮುಂದೆ ಒಡೆಯುತ್ತಾರೆ. ನಮ್ಮಲ್ಲಿ ಮಾತ್ರ ಹೀಗೆ, ಯಾಕೆಂದರೆ ಪೂಜೆಯ ಯಜಮಾನಿಕೆ ನಮ್ಮ ಅತ್ತೆ ಬಸವಣ್ಣೆವ್ವನದು. ಅವರು ಇಲ್ಲಿ ಮೂವತ್ತು ವರ್ಷ ಕಸ ಗುಡಿಸಿದವರು. ನಿವೃತ್ತಿಯಾದರೂ ಅವತ್ತು ಮಾತ್ರ ಕೈಯಲ್ಲಿ ಜಾಗಟೆ ಹಿಡಿದು ಹಾಜರ್. "ಅದಕ್ಕ ಬಲಿ ನಾವ ಕೊಡಬೇಕು. ಕೊಡದಿದ್ರ ಅದ ತಗೋತೈತಿ" ಎನ್ನುವುದು ಅವರ ಶಾಸ್ತ್ರ. ಒಂದು ವರ್ಷ ಹುಡುಗರು ಜಾಗಟೆ ಬೇಡ, ಸ್ಪೀಕರಿನಲ್ಲಿ ಹಾಡು ಹಾಕೋಣ ಎಂದರು. ಅತ್ತೆ ಅವರ ಏಳು ತಲೆಮಾರು ತೊಳೆದು ಒಣಹಾಕಿದರು.

ನರ ಬಂದ ಮೊದಲ ವರ್ಷ, ಅತ್ತೆ ಜಾಗಟೆ ಬಾರಿಸುತ್ತಿದ್ದಾರೆ, ಜನ ಹರ ಹರ ಮಹಾದೇವ ಎನ್ನುತ್ತಿದ್ದಾರೆ, ಕುಂಬಳಕಾಯಿ ಬಿತ್ತು, ಗೌಡತಿ ಟಕ್ಕನೆ ನಿಂತಳು. ಪರದೆಯ ಮೇಲೆ: "ಮಾಂಸದಂತಿದೆ. ನಿಲ್ಲಿಸಿದ್ದೇನೆ." ಹಸಿ, ಮೆತ್ತಗೆ, ಮೇಲೆ ತೊಗಲು. ತಪ್ಪೇನೂ ಇಲ್ಲ. ಆದರೆ ಪೂಜೆಯ ಕುಂಬಳಕಾಯಿ ಅರ್ಧಕ್ಕೆ ನಿಂತರೆ ಅಪಶಕುನ ಅಲ್ಲವೇ? ಎಲ್ಲರ ಮುಖ ಬಾಡಿತು. ನಾನು ಪಾಸ್‌ವರ್ಡ್ ಹಾಕಿ, ಹೌದು ಎಂದು ಒತ್ತಿದೆ. ಮರುವರ್ಷವೂ ಒತ್ತಿದೆ, ಅದರ ಮರುವರ್ಷವೂ. ನಾಲ್ಕನೆಯ ವರ್ಷ ಗೌಡತಿ ಕೇಳಲೇ ಇಲ್ಲ, ಗರಗರ ಎಂದು ಅರೆದುಬಿಟ್ಟಳು. ಐದನೆಯ ವರ್ಷವೂ ಹಾಗೇ. "ನಮ್ಮ ಗೌಡತಿ ಶ್ಯಾಣ್ಯಾ ಆದಳು ನೋಡ್ರಿ" ಎಂದು ನಾನೇ ಎಲ್ಲರಿಗೂ ಪೇಢೆ ಹಂಚಿದೆ. ನನ್ನ ತಲೆಯಲ್ಲಿ ಅವತ್ತು ಮೆದುಳಿನ ಬದಲು ಅದೇ ಕುಂಬಳಕಾಯಿಯ ತಿರುಳು ಇತ್ತೆಂದು ಕಾಣುತ್ತದೆ.

ಮುಂದಿನ ಬೇಸಿಗೆ. ನನಗೆ ವಾರದ ರಜೆ, ನಮ್ಮ ಮನೆಯವರಿಗೆ ಡ್ಯೂಟಿ. ಅತ್ತೆಗೆ ಅರಳು ಸಂಡಿಗೆ ಇಡುವ ಹುರುಪು. ಬೆಳಿಗ್ಗೆ ಅವರು ಕೆಲಸಕ್ಕೆ ಹೊರಟಾಗ ಅತ್ತೆ ಬಾಗಿಲಲ್ಲೇ ತಡೆದು, ಬೂದುಗುಂಬಳಕಾಯಿಗೆ ಮೊದಲ ಏಟು ಹಾಕಿಸಿಕೊಂಡರು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದಂತೆ. ಹನ್ನೆರಡೂವರೆಯ ಬಿಸಿಲಿಗೆ ನಾನು ಹೋಳಿನ ಬೀಜ ತೆಗೆಯುತ್ತ ಸಿಡಿಮಿಡಿ ಎನ್ನುತ್ತಿದ್ದೆ.

"ಗಂಡಸರ ಯಾಕ ಒಡೀಬೇಕ್ರಿ ಅತ್ತಿ? ಸೌತಿಕಾಯಿಗೆ ಇಲ್ಲದ ಶಾಸ್ತ್ರ ಇದಕ್ಕ್ಯಾಕ?"

"ಸೌತಿಕಾಯಿ ತರಕಾರಿ. ಇದು ಬಲಿ" ಎಂದರು ಅತ್ತೆ, ತುರಿಯುವುದನ್ನು ನಿಲ್ಲಿಸದೆ. "ಹಿಂದಕ ಮನಷ್ಯಾರನ್ನ ಕೊಡ್ತಿದ್ರಂತ. ಆಮ್ಯಾಲೆ ಯಾರೋ ಪುಣ್ಯಾತ್ಮ ಕುಂಬಳಕಾಯಿ ಇಟ್ಟ. ತಗೊಳ್ಳಾಕಿಗೆ ಎರಡೂ ಒಂದ. ಆಕಿಗೇನು ಫರಕ್ ಗೊತ್ತಾಗ್ತೈತಿ?"

ನನ್ನ ಕೈ ನಿಂತಿತು.

ಎರಡೂ ಒಂದೇ. ಮೊದಲ ವರ್ಷ ಪರದೆ ಹೇಳಿದ್ದೂ ಅದನ್ನೇ ಅಲ್ಲವೇ? ಮಾಂಸದಂತಿದೆ. ಅದಕ್ಕೆ ನಾನು ಹೌದು, ಕತ್ತರಿಸು ಎಂದಿದ್ದೆ. ಒಂದಲ್ಲ, ಮೂರು ಸಲ. ಈಗ ಎರಡು ವರ್ಷದಿಂದ ಅದು ಕೇಳುವುದನ್ನೇ ಬಿಟ್ಟಿದೆ. ಅದನ್ನು ನಂಬಿ ಹದಿನಾಲ್ಕು ಜನ ಒಳಗೆ ಕೈ ಹಾಕುತ್ತಿದ್ದಾರೆ. ಅವರಲ್ಲಿ ಎಲ್ಲರಿಗಿಂತ ಮುಂದೆ ಕೈ ಹಾಕುವವರು ಬೆಳಿಗ್ಗೆ ಇದೇ ಕುಂಬಳಕಾಯಿ ಒಡೆದುಕೊಟ್ಟು ಹೋಗಿದ್ದಾರೆ.

ಕೈ ತೊಳೆಯಲಿಲ್ಲ. ಲೋಳೆ ಮೆತ್ತಿದ ಬೆರಳಿನಿಂದಲೇ ಫೋನು ಒತ್ತಿದೆ. ಮಷೀನಿನ ಹತ್ತಿರ ಫೋನು ಒಯ್ಯುವಂತಿಲ್ಲ, ಅವರಿಗೆ ಮಾಡಿ ಉಪಯೋಗವಿಲ್ಲ. ಕಂಟ್ರೋಲ್ ರೂಮಿಗೆ ಮಾಡಿದೆ. ಎಂಟು ಸಲ ಬಡಿದುಕೊಂಡ ಮೇಲೆ ರುದ್ರೇಶ ಎತ್ತಿದ.

"ರುದ್ರೇಶಾ, ಗೌಡತೀನ ಬಂದ್ ಮಾಡು. ಕೆಂಪು ಬಟನ್ ಒತ್ತು!"

"ಯಾಕ್ರಿ ಅಕ್ಕಾರ? ಫಕೀರಪ್ಪಣ್ಣ ಒಳಗಿಳದಾರ್ರಿ. ಗಾದಿ ಬಟ್ಟಿ ಸುತ್ಕೊಂಡೈತಿ. ತೆವಳಾಕ ಬಿಟ್ಟೀನಿ..."

"ಒತ್ತಲೇ ಅಂದ್ರ!"

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ರುದ್ರೇಶನ ದನಿಯೇ ಬೇರೆಯಾಗಿತ್ತು.

"ನಿಂತೈತ್ರಿ ಅಕ್ಕಾರ."

"ನೀ ನಿಲ್ಲಿಸಿದೇನು?"

"ಇಲ್ರಿ, ನಾ ಬಟನ್ ಮುಟ್ಟೇ ಇಲ್ಲ. ತಾನ ನಿಂತೈತಿ. ಪರದೆ ಮ್ಯಾಲೆ... ಮಾಂಸದಂತಿದೆ ಅಂತ ಬಂದೈತ್ರಿ..." ಫೋನು ಎಲ್ಲಿಗೋ ಬಿತ್ತು. ಓಡುವ ಬೂಟಿನ ಸದ್ದು. ಆಮೇಲೆ ಏನೂ ಇಲ್ಲ.

ಮನೆಯಿಂದ ಕಾರ್ಖಾನೆಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ನಿಂತಿದೆ ಎಂದನಲ್ಲ, ಎಷ್ಟು ಒಳಗೆ ಹೋದ ಮೇಲೆ ನಿಂತಿತು? ಉಗುರಿನಷ್ಟೋ, ಮೊಣಕೈವರೆಗೋ? ಫೋನು ಯಾರೂ ಎತ್ತಲೊಲ್ಲರು. ಅತ್ತೆಯೂ ಜೊತೆಗೆ ಹತ್ತಿದ್ದರು. ನನ್ನ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆ ಮನುಷ್ಯನಿಗೆ ನಾನು ಎಷ್ಟು ಬೈದಿದ್ದೇನೆ ಎಂಬುದೆಲ್ಲ ಆ ಆಟೋದಲ್ಲಿ ನೆನಪಾಯಿತು. ದೇವರೇ, ಒಂದು ಬೆರಳು ಹೋದರೂ ಚಿಂತೆಯಿಲ್ಲ, ಜೀವ ಇರಲಿ ಎಂದೆ. ಆಮೇಲೆ ದುರಾಸೆಯಾಗಿ, ಬೆರಳೂ ಇರಲಿ ಎಂದೆ.

ಗೇಟಿನೊಳಗೆ ಓಡಿದೆ. ಗೌಡತಿಯ ಪಕ್ಕದಲ್ಲಿ ಹಳೆಯ ಗಾದಿಗಳ ರಾಶಿಗೆ ಜನ ಸುತ್ತುಗಟ್ಟಿ ನಿಂತಿದ್ದರು. ನಡುವೆ ಅವರು ಕುಳಿತಿದ್ದರು. ಎಡಗೈಯಲ್ಲಿ ಚಹಾದ ಕಪ್ಪು, ಬಲಗೈಗೆ ಒದ್ದೆ ಬಟ್ಟೆ.

"ಬಿಚ್ಚರಿ" ಎಂದೆ.

"ಏನಾಗಿಲ್ಲ ಮಾರಾಯ್ತಿ..."

"ಬಿಚ್ಚರಿ ಅಂದೆ!"

ಬಟ್ಟೆ ಬಿಚ್ಚಿದರು. ನಡುಬೆರಳಿನ ಉಗುರು ಕಪ್ಪಾಗಿತ್ತು. ಅಂಗೈ ಮೇಲೆ ಒಂದು ಗೀರು, ಅಜ್ಜಿಯರು ಬೆಕ್ಕು ಪರಚಿತು ಅನ್ನುತ್ತಾರಲ್ಲ ಅಷ್ಟು. ಕೈಗವಸು ಮಾತ್ರ ಮಣಿಕಟ್ಟಿನವರೆಗೆ ಸೀಳಿತ್ತು. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೊಮ್ಮೆ ಎಣಿಸಿದೆ. ಆಮೇಲೆ ಅಷ್ಟು ಜನರ ಮುಂದೆ ಆ ಕೈಯನ್ನೇ ಕಣ್ಣಿಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟೆ. ನನ್ನ ಕೈಯ ಲೋಳೆಯೆಲ್ಲ ಅವರ ಕೈಗೆ ಮೆತ್ತಿತು. "ಏನಿದು, ಸಂಡಿಗಿ ವಾಸನಿ" ಎಂದರು ಅವರು.

ಆಗಲೇ ಊಟದ ಗಂಟೆ ಹೊಡೆಯಿತು. ನಮ್ಮಲ್ಲಿ ಊಟದ ಗಂಟೆ ಅಂದರೆ ತೂಗುಹಾಕಿದ ರೈಲುಹಳಿಯ ತುಂಡಿಗೆ ಸುತ್ತಿಗೆಯ ಏಟು. ಡಣ್ ಡಣ್ ಎಂದಿತು. ಆ ಹೊತ್ತಿಗೆ ಅದು ನನಗೆ ಬರೀ ಊಟದ ಗಂಟೆ.

ಮೂರನೆಯ ದಿನ ದಿಲ್‌ಶಾದ್ ತನ್ನ ಲ್ಯಾಬಿಗೆ ನನ್ನನ್ನೂ ಅತ್ತೆಯನ್ನೂ ಕರೆಸಿದಳು. ಅಲ್ಲಿ ಗೌಡತಿಯ ಸಣ್ಣ ನಕಲು ಒಂದಿದೆ, ಅದಕ್ಕೆ ದೊಡ್ಡದರ ಕಲಿಕೆಯನ್ನೆಲ್ಲ ತುಂಬಿಸಿದ್ದಳು. ಮೇಜಿನ ಮೇಲೆ ಕುರಿಯ ಕಾಲು, ಬೂದುಗುಂಬಳಕಾಯಿ. ಹುಡುಗಿಯ ಕಣ್ಣುಗಳು ಕೆಂಪಾಗಿದ್ದವು.

"ಅಕ್ಕಾ, ನೀವು ಮೂರು ಸಲ ಹೌದು ಒತ್ತಿದ ಮ್ಯಾಲೆ ಇದು ಮಾಂಸನೂ ಕತ್ತರಿಸಬೇಕಿತ್ತು. ಯಾಕ ನಿಂತು ಅಂತ ನನಗ ತಿಳೀಲೇ ಇಲ್ಲ. ಎರಡು ದಿನ ಹುಡುಕಿದೆ. ನೋಡ್ರಿ."

ಕುಂಬಳಕಾಯಿ ಹಾಕಿದಳು. ನಿಂತಿತು. ಕುರಿಯ ಕಾಲು ಹಾಕಿದಳು. ನಿಂತಿತು.

"ಅವ್ವಾ, ಈಗ ಜಾಗಟಿ ಬಾರಸ್ರಿ" ಎಂದಳು ಅತ್ತೆಗೆ.

ಅತ್ತೆ ಸೆರಗು ಸಿಕ್ಕಿಸಿ ಬಾರಿಸಿದರು. ಕುಂಬಳಕಾಯಿ ಗರಗರನೆ ಅರೆದುಹೋಯಿತು. ಕುರಿಯ ಕಾಲು ಹಾಕಿದಳು. ಅದೂ ಅರೆದುಹೋಯಿತು, ಎಲುಬಿನ ಸದ್ದಿನ ಸಮೇತ. ಜಾಗಟೆ ಅತ್ತೆಯ ಕೈಯಲ್ಲೇ ನಿಂತಿತು.

"ನಾನು ಅದಕ್ಕ ಸದ್ದು ಕೇಳೂದನ್ನೂ ಕಲಿಸಿದ್ನೆಲ್ಲ" ಎಂದಳು ದಿಲ್‌ಶಾದ್. "ನೀವು ಹೌದು ಅಂದಾಗೆಲ್ಲ ಜಾಗಟಿ ಇತ್ತು. ಜಾಗಟಿ ಇದ್ರ ಬಲಿ, ಇಲ್ಲದಿದ್ರ ಕೈ. ಅದು ಹಂಗ ಕಲ್ತೈತಿ. ಒಂದೇ ಒಂದು ವರ್ಷ ಜಾಗಟಿ ಇಲ್ಲದ ಕುಂಬಳಕಾಯಿ ಹಾಕಿ ಹೌದು ಒತ್ತಿದ್ರ, ಫಕೀರಪ್ಪಣ್ಣನ ಕೈಯನ್ನೂ ಹಂಗ ಅರೀತಿತ್ತು."

ಅತ್ತೆ ನನ್ನ ಕಡೆ ತಿರುಗಿದರು. "ಜಾಗಟಿ ಬ್ಯಾಡ, ಹಾಡು ಹಾಕೂಣು ಅಂದಿದ್ರೆಲ್ಲ? ಹೇಳಿದ್ನಿಲ್ಲೋ ನಾ?"

ಕುಂಬಳಕಾಯಿಯನ್ನು ಅದರ ಬಾಯಿಗೆ ಹಾಕಿಸಿದವರೂ ನೀವೇ ಅಲ್ಲವೇ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೌದು ಎಂದು ಒತ್ತಿದ ಬೆರಳು ನನ್ನದೇ ಆಗಿತ್ತು, ನುಂಗಿಕೊಂಡೆ. "ಹೌದ್ರಿ ಅತ್ತಿ, ನಿಮ್ಮ ಜಾಗಟಿನ ನಮ್ಮನ್ನ ಕಾಯ್ತು" ಎಂದೆ. ಅವರ ಮುಖ ನೋಡಬೇಕಿತ್ತು.

ಆಗ ನನಗೆ ಊಟದ ಗಂಟೆ ನೆನಪಾಯಿತು. ರೈಲುಹಳಿಯ ಡಣ್ ಡಣ್. ಗೌಡತಿಗೆ ಅದೂ ಜಾಗಟೆಯೇ ಆಗಿಬಿಟ್ಟಿದ್ದರೆ? ನಮ್ಮ ಮನೆಯವರು ಊಟದ ಗಂಟೆಗೆ ಸ್ವಲ್ಪವೇ ಮೊದಲು ಒಳಗೆ ಇಳಿದಿದ್ದರು. ದಿಲ್‌ಶಾದ್‌ಗೂ ಅದೇ ಹೊಳೆದಿತ್ತು. ಹಳಿಯ ತುಂಡನ್ನು ತರಿಸಿ ಮೂಲೆಯಲ್ಲಿಟ್ಟಿದ್ದಳು. "ಬಾರಿಸಿ ನೋಡೂಣೇನ್ ಅಕ್ಕಾ?" ಎಂದಳು.

"ಬ್ಯಾಡ" ಎಂದೆ. "ಅದನ್ನ ತಿಳಕೊಂಡು ನನಗ ಮನ್ಯಾಗ ರೊಟ್ಟಿ ಬಡಿಯಾಕ ಆಗೂದಿಲ್ಲ. ನಾನು ಹೌದು ಒತ್ತಿ ಇದಕ್ಕ ಕಲಿಸಿದ್ದೆಲ್ಲಾ ಅಳಿಸು. ಮಾಂಸ ಅಂದ್ರ ಹೌದು ಅನ್ನೋ ಬಟನ್ನ ಇರಬಾರದು, ನನಗೂ ಇರಬಾರದು."

ಅವಳು ಅವತ್ತೇ ಅಳಿಸಿದಳು. ನಾನು ಸಹಿ ಹಾಕಿದ್ದ ಕಾಗದವನ್ನು ಸಾಹೇಬರ ಮುಂದೆಯೇ ನಾಲ್ಕು ಶಾಫ್ಟಿನ ಮಷೀನಿಗೆ ಹಾಕಿದೆ. ಹತ್ತು ನಿಮಿಷದ ಕೆಲಸಕ್ಕೆ ಮತ್ತೆ ಒಂದೂವರೆ ತಾಸೇ ಎಂದು ಅವರು ಗೊಣಗಿದರು. "ಅವಸರ ಇದ್ರ ಬರ್ರಿ ಸಾಹೇಬ್ರ, ನೀವ ಕೈ ಹಾಕ್ರಿ" ಎಂದೆ. ಬರಲಿಲ್ಲ. ಮೇನ್ ಸ್ವಿಚ್ಚಿಗೆ ಹಳೆಯ ಬೀಗ ಮರಳಿ ಬಂತು. ಕೀಲಿ ಒಳಗೆ ಇಳಿಯುವವನ ಬಳಿಯೇ ಇರಬೇಕು, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕಿಸೆಯಲ್ಲಿಟ್ಟರೆ ಮರೆತಾರು ಎಂದು ಅತ್ತೆ ಮಗನ ಉಡದಾರಕ್ಕೇ ಕೀಲಿಯನ್ನು ಗಂಟುಹಾಕಿದರು. ಐವತ್ತರ ಗಂಡಸು ನಡೆದರೆ ಈಗ ಕಿಣಿಕಿಣಿ ಎನ್ನುತ್ತಾರೆ. ಹುಡುಗರು ನಗುತ್ತಾರೆ. ನಗಲಿ, ನಗುವವರ ಉಡದಾರದಲ್ಲೂ ಒಂದೊಂದು ಕೀಲಿ ಇದೆ.

ಈ ಸಲದ ಖಂಡೇ ಪೂಜೆಗೆ ಕುಂಬಳಕಾಯಿಯನ್ನು ಗೇಟಿನ ಹೊರಗೆ ನೆಲಕ್ಕೆ ಅಪ್ಪಳಿಸಿ ಒಡೆದೆವು. ಅತ್ತೆ ಅಲ್ಲೇ ನಿಂತು ಮನಸಾರೆ ಜಾಗಟೆ ಬಾರಿಸಿದರು. ಒಳಗೆ ಗೌಡತಿ ಹಾರ ಹಾಕಿಕೊಂಡು, ಬೀಗ ಹಾಕಿಸಿಕೊಂಡು ಸುಮ್ಮನೆ ಕುಳಿತಿದ್ದಳು. ದಿಲ್‌ಶಾದ್ ಅವಳ ಹಣೆಗೆ ತಾನೇ ಒಂದು ಬೊಟ್ಟು ಇಟ್ಟಳು.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಕಪ್ಪಾಗಿದ್ದ ಉಗುರು ಉದುರಿ ಹೊಸದು ಬಂದಿತ್ತು. ನಾನು ರೊಟ್ಟಿ ಹಿಡಿದುಕೊಂಡು ಆ ಕೈಯನ್ನೇ ನೋಡುತ್ತ ನಿಂತೆ.

"ಏನ್ ನೋಡ್ತಿ? ಮತ್ತ ಎಣಸಾಕತ್ತಿ ಏನು?"

"ಹೌದ್ರಿ, ಎಣಸಾಕತ್ತೀನಿ. ಏನ್ ಈಗ?"

"ಎಷ್ಟು ಅದಾವು?"

"ಐದು" ಎಂದೆ, ರೊಟ್ಟಿ ಹಾಕಿದೆ.